ಅಳತೆ ಪುಸ್ತಕ, ಹಾಜರಿ ಪುಸ್ತಕ: ಲಂಡನ್ ಒಲಿಂಪಿಕ್ಸ್ ಕಟ್ಟಿದವರು ಮತ್ತು ಕಾವಲು ಕಾದವರು

2012ರ ಆಗಸ್ಟ್ 7ರ ಸಂಜೆ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನ ಒಲಿಂಪಿಕ್ ಕ್ರೀಡಾಂಗಣದ ಮೇಲಂತಸ್ತಿನ ಸಾಲೊಂದರಲ್ಲಿ ಕುಳಿತು ನಾನು ಪುರುಷರ ಡಿಸ್ಕಸ್ ಎಸೆತದ ಫೈನಲ್ ನೋಡಿದೆ. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಅಂದು 64.79 ಮೀಟರ್ ಎಸೆದು ಎಂಟನೆಯವರಾದರು. ಚಿನ್ನ ಗೆದ್ದ ಜರ್ಮನಿಯ ರಾಬರ್ಟ್ ಹಾರ್ಟಿಂಗ್ ಮೈಮೇಲಿನ ಅಂಗಿಯನ್ನು ಹರಿದುಕೊಂಡು, ಮಹಿಳೆಯರ ಓಟಕ್ಕೆಂದು ಟ್ರ್ಯಾಕಿನ ಮೇಲೆ ಜೋಡಿಸಿಟ್ಟಿದ್ದ ಹರ್ಡಲ್‌ಗಳನ್ನು ಹಾರುತ್ತ ಓಡಿದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಆಟಗಾರರ ಬಗ್ಗೆ ಬರೆಯಬಲ್ಲವರು ಬಹಳ ಮಂದಿ ಇದ್ದಾರೆ. ನಾನು ಊರಿನಲ್ಲಿ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಕೆಲಸಗಳಲ್ಲಿ ಅಳತೆ ಪುಸ್ತಕ ಬರೆಯುತ್ತ ವೃತ್ತಿ ಆರಂಭಿಸಿದವನಾದ್ದರಿಂದ, ನನ್ನ ಕಣ್ಣು ಹೋದದ್ದು ಕುಳಿತ ಆಸನದ ಕಡೆಗೆ, ತಲೆಯ ಮೇಲಿನ ಉಕ್ಕಿನ ಬಳೆಯ ಕಡೆಗೆ ಮತ್ತು ಒಳಗೆ ಬರುವಾಗ ನಮ್ಮ ಚೀಲವನ್ನು ತಪಾಸಣೆ ಮಾಡಿದ ಕೈಗಳ ಕಡೆಗೆ. ಈ ಬರಹ ಅವುಗಳ ಹಿಂದಿದ್ದ ಸಂಸ್ಥೆಗಳ ಸೇವೆಯ ವಿಮರ್ಶೆ.

ಮೊದಲು ಯಾರು ಯಾರಿಗೆ ಹೊಣೆಗಾರರಾಗಿದ್ದರು ಎಂಬುದನ್ನು ತಿಳಿದುಕೊಳ್ಳಬೇಕು. 2005ರ ಜುಲೈ 6ರಂದು 2012ರ ಒಲಿಂಪಿಕ್ಸ್ ಆತಿಥ್ಯಕ್ಕಾಗಿ ಸಿಂಗಪುರದಲ್ಲಿ ನಡೆದ ಮತದಾನದಲ್ಲಿ ಲಂಡನ್ ನಗರವು ಪ್ಯಾರಿಸನ್ನು 54–50 ಮತಗಳಿಂದ ಸೋಲಿಸಿತು. ಆ ಸಂಭ್ರಮ ಒಂದು ದಿನವೂ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ನಗರದ ಸುರಂಗ ರೈಲುಗಳಲ್ಲಿ ಮತ್ತು ಒಂದು ಬಸ್ಸಿನಲ್ಲಿ ಬಾಂಬ್‌ಗಳು ಸಿಡಿದು 52 ಮಂದಿ ಪ್ರಯಾಣಿಕರು ಪ್ರಾಣ ಕಳೆದುಕೊಂಡರು. ಕಟ್ಟುವ ಕೆಲಸ ಮತ್ತು ಕಾಯುವ ಕೆಲಸ ಎರಡೂ ಹೀಗೆ ಮೊದಲ ದಿನದಿಂದಲೇ ಜೊತೆಗೂಡಿದ್ದವು. 2006ರ ಕಾಯ್ದೆಯ ಮೂಲಕ ಸರ್ಕಾರವು ಒಲಿಂಪಿಕ್ ಡೆಲಿವರಿ ಅಥಾರಿಟಿ ಎಂಬ ಪ್ರಾಧಿಕಾರವನ್ನು ರಚಿಸಿ, ಜಾಗ ಸಿದ್ಧಪಡಿಸುವ ಮತ್ತು ಕ್ರೀಡಾಂಗಣಗಳನ್ನು ಕಟ್ಟಿಸುವ ಹೊಣೆಯನ್ನು ಅದಕ್ಕೆ ಒಪ್ಪಿಸಿತು. ಕ್ರೀಡಾಕೂಟವನ್ನು ನಡೆಸುವ ಹೊಣೆ, ಅದರ ಜೊತೆಗೆ ಕ್ರೀಡಾಂಗಣಗಳ ಬಾಗಿಲಿನ ಕಾವಲಿನ ಹೊಣೆ, ಸೆಬಾಸ್ಟಿಯನ್ ಕೋ ಅಧ್ಯಕ್ಷರಾಗಿದ್ದ ಲೋಕಾಗ್ ಎಂಬ ಸಂಘಟನಾ ಸಮಿತಿಯದಾಗಿತ್ತು. ಬೀದಿಯ ಭದ್ರತೆ ಪೊಲೀಸರದು. ಒಟ್ಟು ಭದ್ರತೆಯ ಮೇಲ್ವಿಚಾರಣೆ ಗೃಹ ಇಲಾಖೆಯದು.

ಪ್ರಾಧಿಕಾರವು ಮಾಡಿದ ಮೊದಲ ಒಳ್ಳೆಯ ಕೆಲಸವೆಂದರೆ ಎಲ್ಲವನ್ನೂ ತಾನೇ ಮಾಡಲು ಹೋಗದಿದ್ದದ್ದು. ತನ್ನ ಸ್ವಂತ ಸಿಬ್ಬಂದಿಯನ್ನು ಚಿಕ್ಕದಾಗಿಟ್ಟುಕೊಂಡು, ಸಿಎಚ್2ಎಂ ಹಿಲ್, ಲೇಂಗ್ ಓ'ರೂರ್ಕ್ ಮತ್ತು ಮೇಸ್ ಎಂಬ ಮೂರು ಕಂಪನಿಗಳು ಸೇರಿ ರಚಿಸಿಕೊಂಡಿದ್ದ ಸಿಎಲ್ಎಂ ಎಂಬ ಒಕ್ಕೂಟವನ್ನು 2006ರಲ್ಲಿ ಅದು ಜೊತೆಗಾರನನ್ನಾಗಿ ಆರಿಸಿಕೊಂಡಿತು. ಸಿಎಲ್ಎಂ ಕೆಲಸ ಕ್ರೀಡಾಂಗಣ ಕಟ್ಟುವುದಲ್ಲ, ಕಟ್ಟುವ ಗುತ್ತಿಗೆದಾರರನ್ನು ನಡೆಸುವುದು, ಅವರ ಪ್ರಗತಿಯನ್ನು ಅಳೆಯುವುದು, ಎಲ್ಲಿ ವಿಳಂಬವಾಗುತ್ತಿದೆ, ಎಲ್ಲಿ ಖರ್ಚು ಮೀರುತ್ತಿದೆ ಎಂಬುದನ್ನು ಪ್ರಾಧಿಕಾರಕ್ಕೆ ಸಕಾಲದಲ್ಲಿ ತಿಳಿಸುವುದು. ನಮ್ಮಲ್ಲಿ ಸೆಕ್ಷನ್ ಆಫೀಸರ್ ಟೇಪು ಹಿಡಿದು ಚರಂಡಿಗೆ ಇಳಿದು ಅಳತೆ ಪುಸ್ತಕದಲ್ಲಿ ಬರೆದುಕೊಂಡ ಮೇಲಷ್ಟೇ ಗುತ್ತಿಗೆದಾರನ ಬಿಲ್ಲು ಮುಂದಕ್ಕೆ ಹೋಗಬೇಕು ಎಂಬ ನಿಯಮವಿದೆಯಲ್ಲ, ಅದೇ ತತ್ವವನ್ನು ಇಲ್ಲಿ ಒಂದು ಪೂರ್ಣ ಸಂಸ್ಥೆಯ ಗಾತ್ರಕ್ಕೆ ಹಿಗ್ಗಿಸಿದ್ದರು. ಕೆಲಸ ಮಾಡುವವನ ಮಾತನ್ನು ಮಾತ್ರ ನಂಬಿ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬಾರದು ಎಂಬ ಶಿಸ್ತು ಅದರಲ್ಲಿತ್ತು. ಮುಂದೆ ಕಾವಲಿನ ವಿಷಯಕ್ಕೆ ಬಂದಾಗ ಇದೇ ಶಿಸ್ತು ಇಲ್ಲದೆ ಹೋದದ್ದನ್ನು ಕಾಣುತ್ತೇವೆ.

ಕೆಲಸದ ಹೆಚ್ಚಿನ ಭಾಗ ಇಂದು ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಅದು ಮಣ್ಣಿನೊಳಗಿದೆ. ಲೀ ನದಿಯ ಕಣಿವೆಯ ಸುಮಾರು 250 ಹೆಕ್ಟೇರ್ ಜಾಗದಲ್ಲಿ ನೂರು ವರ್ಷಗಳಿಗೂ ಮೀರಿ ರಾಸಾಯನಿಕ ಕಾರ್ಖಾನೆಗಳು, ಎಣ್ಣೆ ಮತ್ತು ಟಾರಿನ ಕೆಲಸಗಳು, ಕಸದ ಗುಂಡಿಗಳು ಇದ್ದವು. ನೆಲದಲ್ಲಿ ಪೆಟ್ರೋಲು, ಟಾರು, ಸೀಸ, ಆರ್ಸೆನಿಕ್, ಸಯನೈಡ್ ಬೆರೆತಿದ್ದವು. ಇಂತಹ ಮಣ್ಣನ್ನು ಲಾರಿಗಳಲ್ಲಿ ತುಂಬಿ ಬೇರೆ ಊರಿನ ಹೊರವಲಯದಲ್ಲಿ ಸುರಿದು, ಅಲ್ಲಿಂದ ಹೊಸ ಮಣ್ಣು ತರುವುದು ಗುತ್ತಿಗೆದಾರರಿಗೆ ರೂಢಿಯಾದ ದಾರಿ. ಇಲ್ಲಿ ಹಾಗೆ ಮಾಡದೆ ಮಣ್ಣನ್ನು ಸ್ಥಳದಲ್ಲಿಯೇ ತೊಳೆದರು. ತೊಳೆಯುವ ಯಂತ್ರದ ಕೆಲಸ ನಮ್ಮ ಅಡುಗೆಮನೆಯಲ್ಲಿ ಅಕ್ಕಿಯನ್ನು ಜರಡಿ ಹಿಡಿದು ತೊಳೆಯುವುದಕ್ಕಿಂತ ತತ್ವದಲ್ಲಿ ಬಹಳ ಬೇರೆಯಲ್ಲ. ಮೊದಲು ಜರಡಿಗಳಲ್ಲಿ ಕಲ್ಲು, ಇಟ್ಟಿಗೆ ಚೂರುಗಳನ್ನು ಬೇರ್ಪಡಿಸುತ್ತಾರೆ. ಉಳಿದದ್ದನ್ನು ನೀರಿನೊಡನೆ ರಭಸವಾಗಿ ತಿರುಗಿಸುತ್ತಾರೆ. ವಿಷ ಹೆಚ್ಚಾಗಿ ಅಂಟಿಕೊಂಡಿರುವುದು ಸಣ್ಣ ಜೇಡಿಯ ಕಣಗಳಿಗಾದ್ದರಿಂದ ಆ ಕೆಸರನ್ನು ಹಿಂಡಿ ಪ್ರತ್ಯೇಕವಾಗಿ ವಿಲೇವಾರಿ ಮಾಡಿ, ಶುದ್ಧವಾದ ಮರಳನ್ನೂ ಜಲ್ಲಿಯನ್ನೂ ಅದೇ ನೆಲಕ್ಕೆ ಮರಳಿಸುತ್ತಾರೆ. ಇಂತಹ ಐದು ಯಂತ್ರಗಳನ್ನು ನಿಲ್ಲಿಸಿದ್ದ ಆ ಜಾಗವನ್ನು ಮಣ್ಣಿನ ಆಸ್ಪತ್ರೆ ಎಂದೇ ಕರೆಯುತ್ತಿದ್ದರು. ಅಗೆದ ಮಣ್ಣಿನ ಬಹುಪಾಲು ಹೀಗೆ ಮರುಬಳಕೆಯಾಯಿತು. ಜಾಗದ ಮೇಲೆ ಹಾದುಹೋಗಿದ್ದ 52 ವಿದ್ಯುತ್ ಗೋಪುರಗಳನ್ನು ಕೆಡವಿ, ತಂತಿಗಳನ್ನು ತಲಾ 6 ಕಿಲೋಮೀಟರ್ ಉದ್ದದ ಎರಡು ಸುರಂಗಗಳಿಗೆ ಇಳಿಸಿದರು. 200ಕ್ಕೂ ಹೆಚ್ಚು ಕಟ್ಟಡಗಳನ್ನು ಕೆಡವಿದಾಗ ಬಂದ ಅವಶೇಷದಲ್ಲಿ ಶೇಕಡ 90ಕ್ಕೂ ಹೆಚ್ಚು ಭಾಗ ಮತ್ತೆ ಉಪಯೋಗಕ್ಕೆ ಬಂದಿತು. ಟಿಕೆಟ್ ಕೊಂಡು ಬಂದ ಪ್ರೇಕ್ಷಕನಿಗೆ ಇದರಲ್ಲಿ ಯಾವುದೂ ಗೋಚರಿಸುವುದಿಲ್ಲ. ಆದರೂ ಇಡೀ ಯೋಜನೆಯಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಈ ಕೆಲಸದ ಮೇಲೆಯೇ.

ಮುಖ್ಯ ಕ್ರೀಡಾಂಗಣವನ್ನು ಪಾಪ್ಯುಲಸ್ ಸಂಸ್ಥೆ ವಿನ್ಯಾಸಗೊಳಿಸಿತು, ಸರ್ ರಾಬರ್ಟ್ ಮೆಕಾಲ್ಪೈನ್ ಕಂಪನಿ ಕಟ್ಟಿತು. 80,000 ಆಸನಗಳಲ್ಲಿ ಕೆಳಗಿನ 25,000 ಮಾತ್ರ ಶಾಶ್ವತ. ಮೇಲಿನ 55,000, ಅಂದರೆ ನಾನು ಕುಳಿತಿದ್ದ ಆಸನವೂ ಸೇರಿದಂತೆ, ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಉಕ್ಕಿನ ಚೌಕಟ್ಟಿನ ಮೇಲಿದ್ದವು. ಚಾವಣಿಯನ್ನು ಹಿಡಿದಿದ್ದ ಬಿಳಿಯ ಉಕ್ಕಿನ ಬಳೆಗೆ ಅನಿಲ ಸಾಗಣೆಗೆಂದು ತಯಾರಿಸಿ ಉಳಿದುಹೋಗಿದ್ದ ಕೊಳವೆಗಳನ್ನು ಬಳಸಿದ್ದರು. ಒಟ್ಟು ಉಕ್ಕು ಸುಮಾರು ಹತ್ತು ಸಾವಿರ ಟನ್. ಬೀಜಿಂಗಿನ ಹಕ್ಕಿಗೂಡಿನಂತಹ ಕ್ರೀಡಾಂಗಣಕ್ಕೆ ಇದರ ನಾಲ್ಕು ಪಟ್ಟಿಗೂ ಹೆಚ್ಚು ಹಿಡಿದಿತ್ತು. ಆಸನದ ಅನುಭವದ ಬಗ್ಗೆ ಹೇಳುವುದಾದರೆ, ಅಷ್ಟು ಎತ್ತರದಿಂದಲೂ ಎಸೆತದ ವೃತ್ತ ಸ್ಪಷ್ಟವಾಗಿ ಕಾಣುತ್ತಿತ್ತು, ಜನ ಒಟ್ಟಿಗೆ ಕುಣಿದಾಗ ಕಾಲ ಕೆಳಗಿನ ಹಲಗೆ ಸ್ವಲ್ಪ ಅದುರುತ್ತಿತ್ತು, ಆದರೆ ಭಯ ಹುಟ್ಟಿಸುವಷ್ಟಲ್ಲ.

ಸೈಕಲ್ ಓಟದ ವೆಲೋಡ್ರೋಮ್ ನನ್ನ ದೃಷ್ಟಿಯಲ್ಲಿ ಅಲ್ಲಿನ ಅತ್ಯುತ್ತಮ ಕಟ್ಟಡ. ಹಾಪ್ಕಿನ್ಸ್ ಸಂಸ್ಥೆಯ ವಿನ್ಯಾಸ, 6,000 ಆಸನ. ಚಾವಣಿಗೆ ದಪ್ಪ ತೊಲೆಗಳ ಬದಲು ಸುಮಾರು 16 ಕಿಲೋಮೀಟರ್ ಉಕ್ಕಿನ ಹಗ್ಗವನ್ನು ಟೆನಿಸ್ ಬ್ಯಾಟಿನ ಜಾಲದಂತೆ ಹೆಣೆದು ಬಿಗಿದಿದ್ದಾರೆ, ಹಾಗಾಗಿ ತೂಕವೂ ಕಡಿಮೆ, ಒಳಗಿನ ಗಾಳಿಯ ಗಾತ್ರವೂ ಕಡಿಮೆ. ಓಟದ ಹಾದಿಗೆ ಸೈಬೀರಿಯಾದ ಪೈನ್ ಮರದ ಪಟ್ಟಿಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಿ ಬಡಗಿಗಳು ಕೈಯಿಂದಲೇ ಮೊಳೆ ಹೊಡೆದರು. ಪಟ್ಟಿಗಳ ಒಟ್ಟು ಉದ್ದ 56 ಕಿಲೋಮೀಟರ್, ಮೊಳೆಗಳು ಸುಮಾರು ಮೂರೂವರೆ ಲಕ್ಷ. 2011ರ ಫೆಬ್ರುವರಿಯಲ್ಲಿಯೇ, ಅಂದರೆ ಕ್ರೀಡಾಕೂಟಕ್ಕೆ ಒಂದೂವರೆ ವರ್ಷ ಮೊದಲೇ, ಅದು ಸಿದ್ಧವಾಯಿತು.

ಜಹಾ ಹದೀದ್ ವಿನ್ಯಾಸಗೊಳಿಸಿದ ಈಜು ಕೇಂದ್ರದ ವಿಷಯದಲ್ಲಿ ಅಷ್ಟು ಹೊಗಳಲು ಸಾಧ್ಯವಿಲ್ಲ. ಅಲೆಯಂತೆ ಏರಿಳಿಯುವ ಆ 160 ಮೀಟರ್ ಉದ್ದದ ಚಾವಣಿ ಕೇವಲ ಮೂರು ಕಡೆ ಕಾಂಕ್ರೀಟಿನ ಆಧಾರದ ಮೇಲೆ ನಿಂತಿರುವುದು ಎಂಜಿನಿಯರಿಂಗಿನ ದೊಡ್ಡ ಸಾಧನೆಯೇ ಸರಿ. ಆದರೆ ಆರಂಭದ ಅಂದಾಜು ಸುಮಾರು 7.5 ಕೋಟಿ ಪೌಂಡ್ ಇದ್ದದ್ದು ಕೊನೆಗೆ 26.9 ಕೋಟಿಗೆ ಮುಟ್ಟಿತು. 17,500 ಪ್ರೇಕ್ಷಕರಿಗೆ ಜಾಗ ಮಾಡಲು ಎರಡೂ ಪಕ್ಕಕ್ಕೆ ತಾತ್ಕಾಲಿಕ ರೆಕ್ಕೆಗಳನ್ನು ಅಂಟಿಸಿದ್ದರಿಂದ ಕ್ರೀಡಾಕೂಟದ ಸಮಯದಲ್ಲಿ ಹೊರಗಿನಿಂದ ಅದರ ಚೆಲುವೇ ಮುಚ್ಚಿಹೋಗಿತ್ತು, ಮತ್ತು ಮೇಲಿನ ಸಾಲುಗಳವರಿಗೆ ಎತ್ತರದ ಡೈವಿಂಗ್ ಹಲಗೆಯನ್ನು ಚಾವಣಿಯ ಬಾಗು ಮರೆಮಾಡುತ್ತಿತ್ತು. ಚಾವಣಿಯ ಆಕಾರವನ್ನು ಮೊದಲು ಒಪ್ಪಿಕೊಂಡು ಖರ್ಚನ್ನು ಆಮೇಲೆ ಹುಡುಕುವುದು ಎಲ್ಲ ದೇಶಗಳಲ್ಲೂ ದುಬಾರಿಯಾಗುತ್ತದೆ. ಕ್ರೀಡಾಗ್ರಾಮವನ್ನು ಲೆಂಡ್ ಲೀಸ್ ಕಂಪನಿ ಖಾಸಗಿ ಬಂಡವಾಳದಿಂದ ಕಟ್ಟಬೇಕೆಂದಿತ್ತು. 2008ರ ಆರ್ಥಿಕ ಕುಸಿತದಲ್ಲಿ ಸಾಲ ಸಿಗದೆ ಹೋದದ್ದರಿಂದ 2,818 ಮನೆಗಳ ಆ ಗ್ರಾಮದ ಭಾರವನ್ನು ಸರ್ಕಾರವೇ ಹೊತ್ತು, 2011ರಲ್ಲಿ ಅದರ ಅರ್ಧದಷ್ಟು ಮನೆಗಳನ್ನೂ ಪಕ್ಕದ ನಿವೇಶನಗಳನ್ನೂ 55.7 ಕೋಟಿ ಪೌಂಡಿಗೆ ಖಾಸಗಿಯವರಿಗೆ ಮಾರಿತು.

ಒಟ್ಟು ಖರ್ಚಿನ ಬಗ್ಗೆ ಒಂದು ಮಾತು. ಮಂಜೂರಾದ 930 ಕೋಟಿ ಪೌಂಡಿನೊಳಗೆ, ಸುಮಾರು 877 ಕೋಟಿಯಲ್ಲಿ ಕೆಲಸ ಮುಗಿಯಿತೆಂದು ಸರ್ಕಾರ ಹೆಮ್ಮೆಯಿಂದ ಪ್ರಕಟಿಸಿತು. ಲೆಕ್ಕ ನಿಜ. ಆದರೆ ಆ 930 ಕೋಟಿ ಎಂಬುದೇ 2007ರ ಮಾರ್ಚ್‌ನಲ್ಲಿ ಹಳೆಯ ಅಂದಾಜನ್ನು ಎರಡು ಪಟ್ಟಿಗೂ ಮೀರಿ ಏರಿಸಿದ ಮೇಲೆ ಬಂದ ಸಂಖ್ಯೆ, ಮತ್ತು ಅದರಲ್ಲಿ ಸುಮಾರು 270 ಕೋಟಿ ಅನಿರೀಕ್ಷಿತ ಖರ್ಚಿಗೆಂದೇ ತೆಗೆದಿಟ್ಟದ್ದಾಗಿತ್ತು. ಹೀಗೆ ದೊಡ್ಡ ಮೊತ್ತವನ್ನು ಮೊದಲೇ ಪ್ರಾಮಾಣಿಕವಾಗಿ ಘೋಷಿಸಿದ್ದನ್ನು ನಾನು ಮೆಚ್ಚುತ್ತೇನೆ. ಉಳಿತಾಯವೆಂದು ಕರೆದದ್ದನ್ನು ಮಾತ್ರ ಅಷ್ಟು ಸುಲಭವಾಗಿ ಒಪ್ಪಲಾರೆ.

ಕಟ್ಟಿದವರ ಬಗ್ಗೆ ಹೇಳಲೇಬೇಕಾದ ಇನ್ನೊಂದು ವಿಷಯವಿದೆ, ಮತ್ತು ಅದು ನನಗೆ ಉಳಿದೆಲ್ಲಕ್ಕಿಂತ ಹತ್ತಿರದ್ದು. ಆರು ಕೋಟಿಗೂ ಹೆಚ್ಚು ಗಂಟೆಗಳ ಕೆಲಸ ನಡೆದ ಆ ಜಾಗದಲ್ಲಿ, ಹತ್ತಾರು ಸಾವಿರ ಕಾರ್ಮಿಕರು ದುಡಿದ ಆ ವರ್ಷಗಳಲ್ಲಿ, ನಿರ್ಮಾಣದ ಅಪಘಾತದಿಂದ ಒಬ್ಬ ಕಾರ್ಮಿಕನೂ ಸಾಯಲಿಲ್ಲ. ಅಥೆನ್ಸ್‌ನ 2004ರ ಕ್ರೀಡಾಕೂಟದ ನಿರ್ಮಾಣದಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದರು. ದೆಹಲಿಯಲ್ಲಿ 2010ರ ಸೆಪ್ಟೆಂಬರ್ 21ರಂದು, ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಎರಡು ವಾರವೂ ಇಲ್ಲದಿದ್ದಾಗ, ನೆಹರೂ ಕ್ರೀಡಾಂಗಣದ ಬಳಿ ಕಾಲುಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಗಾಯಗೊಂಡದ್ದು ನಮಗೆಲ್ಲ ನೆನಪಿದೆ. ಲಂಡನ್ನಿನಲ್ಲಿ ಸೈಟಿನೊಳಗೇ ಆರೋಗ್ಯ ಕೇಂದ್ರ ತೆರೆದಿದ್ದರು. ಬೆಳಗಿನ ತಿಂಡಿ ತಿನ್ನದೆ ಕೆಲಸಕ್ಕೆ ಬಂದವರು ಹತ್ತು-ಹನ್ನೊಂದು ಗಂಟೆಯ ಹೊತ್ತಿಗೆ ಸೋತು ತಪ್ಪು ಮಾಡುತ್ತಾರೆಂಬುದನ್ನು ಗಮನಿಸಿ ಕ್ಯಾಂಟೀನಿನಲ್ಲಿ ಕಡಿಮೆ ಬೆಲೆಗೆ ಓಟ್ಸ್ ಗಂಜಿ ಕೊಡತೊಡಗಿದರು. ಹಸಿದ ಹೊಟ್ಟೆಯಲ್ಲಿ ಸೆಂಟ್ರಿಂಗ್ ಹಲಗೆ ಹತ್ತುವವರನ್ನು ದಿನವೂ ನೋಡಿ ಬೆಳೆದ ನನಗೆ, ಸುರಕ್ಷತೆಯ ಬೋರ್ಡುಗಳಿಗಿಂತ ಈ ಗಂಜಿಯ ಬಟ್ಟಲು ದೊಡ್ಡದಾಗಿ ಕಾಣುತ್ತದೆ.

2011ರ ಜುಲೈ 27ಕ್ಕೆ, ಉದ್ಘಾಟನೆಗೆ ಸರಿಯಾಗಿ ಒಂದು ವರ್ಷ ಮೊದಲು, ಮುಖ್ಯ ಕ್ರೀಡಾಂಗಣಗಳೆಲ್ಲ ಮುಗಿದಿದ್ದವು. ಉಳಿದ ಒಂದು ವರ್ಷದಲ್ಲಿ ಲೋಕಾಗ್ ಅಲ್ಲಿ ಪರೀಕ್ಷಾರ್ಥ ಪಂದ್ಯಗಳನ್ನು ನಡೆಸಿ, ದೀಪ, ನೀರು, ಶೌಚಾಲಯ, ಫಲಿತಾಂಶದ ಯಂತ್ರ ಎಲ್ಲವನ್ನೂ ಒರೆಗೆ ಹಚ್ಚಲು ಸಾಧ್ಯವಾಯಿತು.

ಈಗ ಕಾವಲಿನ ವಿಷಯ. ನಿರ್ಮಾಣದ ಕಾಲದ ಕಾವಲು ಪ್ರಾಧಿಕಾರದ ಕೈಯಲ್ಲಿತ್ತು. ಜಾಗದ ಸುತ್ತ ಸುಮಾರು 17 ಕಿಲೋಮೀಟರ್ ಉದ್ದದ ವಿದ್ಯುತ್ ಬೇಲಿ. ಒಳಗೆ ಬರುವ ಪ್ರತಿ ಕಾರ್ಮಿಕನೂ ಗುರುತಿನ ಚೀಟಿಯ ಜೊತೆಗೆ ಯಂತ್ರದ ಮೇಲೆ ತನ್ನ ಹಸ್ತವನ್ನು ಇಟ್ಟು ದಾಟಬೇಕಿತ್ತು. ಅಂದರೆ ಒಳಗೆ ಯಾರು ಎಷ್ಟು ಮಂದಿ ಇದ್ದಾರೆಂಬುದು ಬಾಗಿಲಲ್ಲಿಯೇ ತಿಳಿಯುತ್ತಿತ್ತು. ಈ ಭಾಗದಲ್ಲಿ ನನಗೆ ದೂರುವಂಥದ್ದು ಏನೂ ಕಾಣುವುದಿಲ್ಲ.

ಕ್ರೀಡಾಕೂಟದ ದಿನಗಳ ಕಾವಲಿನ ಕಥೆ ಬೇರೆ. ಲೋಕಾಗ್ 2010ರ ಡಿಸೆಂಬರ್‌ನಲ್ಲಿ ಜಿ4ಎಸ್ ಎಂಬ ಭದ್ರತಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಾಗ, ಕ್ರೀಡಾಂಗಣಗಳ ಬಾಗಿಲುಗಳಿಗೆ ಒಟ್ಟು ಹತ್ತು ಸಾವಿರ ಮಂದಿ ಸಾಕು, ಅದರಲ್ಲಿ ಕಂಪನಿ ಎರಡು ಸಾವಿರ ಮಂದಿಯನ್ನು ಒದಗಿಸಿದರೆ ಸಾಕು ಎಂದು ಅಂದಾಜಿಸಿತ್ತು, ಮೊತ್ತ 8.6 ಕೋಟಿ ಪೌಂಡ್. ಕಟ್ಟಡಗಳು ಮೇಲೆದ್ದು, ಬಾಗಿಲುಗಳನ್ನೂ ಸರದಿ ಸಾಲುಗಳನ್ನೂ ಸರಿಯಾಗಿ ಲೆಕ್ಕ ಹಾಕಿದಾಗ ಬೇಕಾದವರು 23,700 ಮಂದಿ ಎಂದು ತಿಳಿಯಿತು. 2011ರ ಡಿಸೆಂಬರ್‌ನಲ್ಲಿ ಒಪ್ಪಂದವನ್ನು ತಿದ್ದಿ, ಜಿ4ಎಸ್ 10,400 ಮಂದಿಯನ್ನು ಒದಗಿಸಬೇಕೆಂದೂ ಮೊತ್ತ 28.4 ಕೋಟಿ ಪೌಂಡ್ ಎಂದೂ ನಿಗದಿ ಮಾಡಿದರು. ಉದ್ಘಾಟನೆಗೆ ಆಗ ಉಳಿದಿದ್ದದ್ದು ಏಳು ತಿಂಗಳು. ಕಾಂಕ್ರೀಟನ್ನು ಒಂದು ವರ್ಷ ಮೊದಲೇ ಮುಗಿಸಿ ಇಡಬಹುದು, ಕಾವಲುಗಾರರನ್ನು ಹಾಗೆ ಒಂದು ವರ್ಷ ಮೊದಲೇ ಸಂಬಳ ಕೊಟ್ಟು ಕೂರಿಸಲಾಗದು ಎಂಬ ಕಂಪನಿಯ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಹದಿನೈದು-ಇಪ್ಪತ್ತು ದಿನಗಳ ಕೆಲಸಕ್ಕಾಗಿ ಹತ್ತು ಸಾವಿರ ಮಂದಿಯನ್ನು ಸೇರಿಸುವುದೆಂದರೆ ಅರ್ಜಿ, ಸಂದರ್ಶನ, ಹಿನ್ನೆಲೆಯ ಪರಿಶೀಲನೆ, ತರಬೇತಿ, ಪರವಾನಗಿ, ಗುರುತಿನ ಚೀಟಿ, ಸಮವಸ್ತ್ರ, ಕೊನೆಗೆ ಪಾಳಿಪಟ್ಟಿ ಎಂಬ ಎಂಟು ಮೆಟ್ಟಿಲುಗಳನ್ನು ಪ್ರತಿಯೊಬ್ಬರಿಂದಲೂ ಹತ್ತಿಸುವುದು. ಒಂದು ಮೆಟ್ಟಿಲಿನಲ್ಲಿ ನಿಂತವನು ಕೆಲಸಕ್ಕೆ ಬಾರದವನೇ.

ಆದದ್ದು ಅದೇ. ಅರ್ಜಿ ಹಾಕಿದವರು ಲಕ್ಷದಷ್ಟಿದ್ದರು, ತರಬೇತಿ ಪಡೆದವರು ಸಾವಿರಾರು ಮಂದಿ ಇದ್ದರು, ಆದರೆ ಅವರಲ್ಲಿ ಅನೇಕರಿಗೆ ಯಾವ ದಿನ ಯಾವ ಬಾಗಿಲಿಗೆ ಬರಬೇಕೆಂಬುದೇ ತಿಳಿದಿರಲಿಲ್ಲ. 2012ರ ಜುಲೈ 11ರಂದು, ಅಂದರೆ ಉದ್ಘಾಟನೆಗೆ ಹದಿನಾರು ದಿನಗಳಿದ್ದಾಗ, ಒಪ್ಪಿಕೊಂಡಷ್ಟು ಜನರನ್ನು ಒದಗಿಸಲಾಗದೆಂದು ಕಂಪನಿ ಸರ್ಕಾರಕ್ಕೆ ತಿಳಿಸಿತು. ಕೂಡಲೇ 3,500 ಯೋಧರನ್ನು ಹೆಚ್ಚುವರಿಯಾಗಿ ಕರೆಸಲಾಯಿತು; ಜುಲೈ 24ರಂದು ಇನ್ನೂ 1,200 ಮಂದಿ. ಒಟ್ಟು ನಿಯೋಜನೆಗೊಂಡ ಯೋಧರ ಸಂಖ್ಯೆ 18,200ಕ್ಕೆ ಏರಿತು. ಸಾಲ್ಫರ್ಡ್‌ನ ಹೋಟೆಲೊಂದರಲ್ಲಿ ಆಟಗಾರರ ಕಾವಲಿಗೆ 56 ಮಂದಿ ಬರಬೇಕಿದ್ದಲ್ಲಿ 17 ಮಂದಿ ಮಾತ್ರ ಬಂದು, ಉಳಿದ ಜಾಗಗಳನ್ನು ಪೊಲೀಸರು ತುಂಬಿದರು. ಜುಲೈ 17ರಂದು ಸಂಸತ್ತಿನ ಗೃಹ ವ್ಯವಹಾರಗಳ ಸಮಿತಿಯ ಮುಂದೆ ಹಾಜರಾದ ಕಂಪನಿಯ ಮುಖ್ಯಸ್ಥ ನಿಕ್ ಬಕಲ್ಸ್ ಇದು ತಮ್ಮ ಸಂಸ್ಥೆಗೆ ಅವಮಾನಕರವೆಂದು ಒಪ್ಪಿಕೊಳ್ಳಬೇಕಾಯಿತು.

ಈ ಲೋಪವನ್ನು ಜಿ4ಎಸ್ ಒಂದರ ತಲೆಗೆ ಕಟ್ಟುವುದು ಸುಲಭ, ಮತ್ತು ಬಹುಪಾಲು ಹೊಣೆ ಅದರದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕೆಲಸ ಒಪ್ಪಿಸಿದವರ ಕಡೆಗೂ ನೋಡಬೇಕು. ಕ್ರೀಡಾಂಗಣ ಕಟ್ಟುವಲ್ಲಿ ಪ್ರಾಧಿಕಾರಕ್ಕೂ ಗುತ್ತಿಗೆದಾರರಿಗೂ ನಡುವೆ ಸಿಎಲ್ಎಂ ಇತ್ತು, ಯಾವ ಕಂಬ ಎಷ್ಟು ಎದ್ದಿದೆ ಎಂಬುದನ್ನು ತಾನೇ ನೋಡಿ ಹೇಳುತ್ತಿತ್ತು. ಕಾವಲಿನಲ್ಲಿ ಲೋಕಾಗ್‌ಗೂ ಕಂಪನಿಗೂ ನಡುವೆ ಅಂತಹ ಕಣ್ಣು ಇರಲಿಲ್ಲ. ಕಂಪನಿ ಕೊಟ್ಟ ಸಂಖ್ಯೆಗಳನ್ನೇ ಲೋಕಾಗ್ ನಂಬಿತು, ಲೋಕಾಗ್ ಕೊಟ್ಟ ಭರವಸೆಯನ್ನೇ ಗೃಹ ಇಲಾಖೆ ನಂಬಿತು. ಊರಿನ ಕಾಮಗಾರಿಗಳಲ್ಲಿ ಮೇಸ್ತ್ರಿಯು ಐವತ್ತು ಆಳು ಬಂದಿದ್ದಾರೆಂದು ಬರೆಸಿದರೂ, ಮಧ್ಯಾಹ್ನ ಯಾರಾದರೂ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗದೆ ಸಂಬಳದ ದಿನ ಬರುವುದಿಲ್ಲ. ಹತ್ತು ಸಾವಿರ ಕಾವಲುಗಾರರ ಹೆಸರನ್ನು ಮೇ ತಿಂಗಳಲ್ಲೊಮ್ಮೆ ಹಾಗೆ ಕೂಗಿದ್ದರೆ, ಜುಲೈ ತಿಂಗಳಲ್ಲಿ ಅಫ್ಗಾನಿಸ್ತಾನದಿಂದ ಆಗಷ್ಟೇ ಮರಳಿದ್ದ ಯೋಧರ ರಜೆಯನ್ನು ರದ್ದು ಮಾಡುವ ಪ್ರಸಂಗ ಬರುತ್ತಿರಲಿಲ್ಲ.

ಕಂಪನಿಯ ಪರವಾಗಿ ಹೇಳಬೇಕಾದದ್ದೂ ಇದೆ. ಕೊನೆಗೆ ಅದು ಒಪ್ಪಿಕೊಂಡ ಪಾಳಿಗಳಲ್ಲಿ ಶೇಕಡ 83ರಷ್ಟನ್ನು ಪೂರೈಸಿತು. ಬಾಗಿಲಲ್ಲಿ ಆ ಸಮವಸ್ತ್ರ ತೊಟ್ಟು ನಿಂತಿದ್ದ ಹುಡುಗ ಹುಡುಗಿಯರು ತಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡಿದರು, ಪತ್ರಿಕೆಗಳಲ್ಲಿ ದಿನವೂ ತಮ್ಮ ಸಂಸ್ಥೆಯ ಹೆಸರು ಕೆಡುತ್ತಿದ್ದರೂ ಸೌಜನ್ಯ ಬಿಡಲಿಲ್ಲ. ಸಂಸದೀಯ ಸಮಿತಿಯು 5.7 ಕೋಟಿ ಪೌಂಡಿನ ನಿರ್ವಹಣಾ ಶುಲ್ಕವನ್ನು ಬಿಟ್ಟುಕೊಡಬೇಕೆಂದು ಸೂಚಿಸಿತು. ಇಬ್ಬರು ಹಿರಿಯ ಅಧಿಕಾರಿಗಳು ಸೆಪ್ಟೆಂಬರ್‌ನಲ್ಲಿ ಹುದ್ದೆ ತೊರೆದರು. 2013ರ ಫೆಬ್ರುವರಿಯಲ್ಲಿ ಲೆಕ್ಕ ಚುಕ್ತಾ ಆದಾಗ ಕಂಪನಿಗೆ ಒಟ್ಟು 8.8 ಕೋಟಿ ಪೌಂಡ್ ನಷ್ಟವಾಗಿತ್ತು.

ಆಗಸ್ಟ್ 7ರ ಸಂಜೆ ಸ್ಟ್ರಾಟ್‌ಫರ್ಡ್ ಬಾಗಿಲಿನಲ್ಲಿ ನಮ್ಮ ಚೀಲವನ್ನು ತೆರೆದದ್ದು ಒಬ್ಬ ಯುವ ಯೋಧ. ವಿಮಾನ ನಿಲ್ದಾಣದಲ್ಲಿರುವಂತಹದೇ ಟ್ರೇ, ಅದೇ ಲೋಹಶೋಧಕ ಚೌಕಟ್ಟು. ನೀರಿನ ಬಾಟಲಿಯನ್ನು ಖಾಲಿ ಮಾಡಿ ಒಯ್ದು ಒಳಗಿನ ನಲ್ಲಿಯಲ್ಲಿ ತುಂಬಿಕೊಳ್ಳಲು ಹೇಳಿದ. ಪುಳಿಯೋಗರೆಯ ಡಬ್ಬಿಯ ಮುಚ್ಚಳ ತೆಗೆದಾಗ ಇಂಗಿನ ವಾಸನೆಗೆ ಒಂದು ಕ್ಷಣ ತಲೆ ಎತ್ತಿ ನೋಡಿದ, ಅನ್ನವೆಂದು ತಿಳಿದ ಮೇಲೆ ಮುಚ್ಚಳವನ್ನು ನಾಲ್ಕೂ ಮೂಲೆ ಒತ್ತಿ ಭದ್ರಪಡಿಸಿಯೇ ಹಿಂದಿರುಗಿಸಿದ. ನಾವು ಸಾಲಿಗೆ ಸೇರಿದ್ದರಿಂದ ಹಿಡಿದು ಒಳಗೆ ಕಾಲಿಡುವವರೆಗೆ ಹತ್ತು ನಿಮಿಷವೂ ಆಗಲಿಲ್ಲ. ಆತನ ಹಾಗೆ ಎರಡೂವರೆ ಸಾವಿರ ಮಂದಿ ಯೋಧರು ವಾಪಿಂಗ್‌ನ ಟೊಬ್ಯಾಕೊ ಡಾಕ್ ಎಂಬ ಹಳೆಯ ಗೋದಾಮಿನಲ್ಲಿ ಮಡಚುವ ಮಂಚಗಳ ಮೇಲೆ ಮಲಗಿ, ಬೆಳಗಾಗುತ್ತಲೇ ಈ ಬಾಗಿಲುಗಳಿಗೆ ಬರುತ್ತಿದ್ದರೆಂಬುದು ನೆನಪಾದಾಗ ನನಗೆ ಕೃತಜ್ಞತೆಯ ಜೊತೆಗೆ ಸಂಕೋಚವೂ ಆಯಿತು. ಪ್ರೇಕ್ಷಕನಾಗಿ ನನಗೆ ಸಿಕ್ಕ ಸೇವೆಗೆ ಪೂರ್ಣ ಅಂಕಗಳನ್ನು ಕೊಡುತ್ತೇನೆ. ಅವು ಸೇರಬೇಕಾದದ್ದು ಸೈನ್ಯಕ್ಕೆ.

ಸೈನ್ಯದ ಎಲ್ಲ ಏರ್ಪಾಡುಗಳನ್ನೂ ಇದೇ ಉತ್ಸಾಹದಿಂದ ಸ್ವಾಗತಿಸಲಾರೆ. ಗ್ರೀನಿಚ್ ಬಳಿ ಥೇಮ್ಸ್ ನದಿಯಲ್ಲಿ ಎಚ್ಎಂಎಸ್ ಓಷನ್ ಯುದ್ಧನೌಕೆ ನಿಂತದ್ದೂ, ನಾರ್ತೋಲ್ಟ್ ವಾಯುನೆಲೆಯಲ್ಲಿ ಟೈಫೂನ್ ಯುದ್ಧವಿಮಾನಗಳು ಸಿದ್ಧವಾಗಿದ್ದದ್ದೂ 2005ರ ಜುಲೈ ಕಂಡ ನಗರಕ್ಕೆ ಅತಿಯಾಯಿತೆನ್ನುವಂತಿಲ್ಲ. ಆದರೆ ಲೇಟನ್‌ಸ್ಟೋನ್‌ನ ಫ್ರೆಡ್ ವಿಗ್ ಟವರ್ ಎಂಬ ವಸತಿ ಕಟ್ಟಡದ ತಾರಸಿಯ ಮೇಲೆ ಕ್ಷಿಪಣಿಗಳನ್ನು ಇಟ್ಟಾಗ, ಕೆಳಗಿನ ಮಹಡಿಗಳಲ್ಲಿ ಮಕ್ಕಳು ಮರಿಗಳೊಡನೆ ಬದುಕುತ್ತಿದ್ದವರನ್ನು ಸರಿಯಾಗಿ ಕೇಳಲಿಲ್ಲವೆಂಬ ಅವರ ದೂರು ನ್ಯಾಯವಾದದ್ದೆಂದೇ ನನಗೆ ಅನ್ನಿಸುತ್ತದೆ. ಅವರು ಹೈಕೋರ್ಟಿಗೆ ಹೋಗಿ ಜುಲೈ 10ರಂದು ಸೋತರು.

ಕ್ರೀಡಾಕೂಟ ಮುಗಿದ ನಂತರದ ಸ್ಥಿತಿಯನ್ನೂ ವಿಮರ್ಶೆಯಲ್ಲಿ ಸೇರಿಸಬೇಕು, ಏಕೆಂದರೆ ಕಟ್ಟಡದ ಗುಣ ತಿಳಿಯುವುದು ಉಪಯೋಗದಲ್ಲಿ. ಇಲ್ಲಿ ಅತಿ ದೊಡ್ಡ ತಪ್ಪು ಮುಖ್ಯ ಕ್ರೀಡಾಂಗಣದ್ದೇ. ಬಿಚ್ಚಿ 25,000 ಆಸನಕ್ಕೆ ಇಳಿಸುವುದಕ್ಕಾಗಿ ಹಗುರವಾಗಿ ಕಟ್ಟಿದ್ದನ್ನು, ಆಮೇಲೆ ಮನಸ್ಸು ಬದಲಿಸಿ ಫುಟ್‌ಬಾಲ್ ಕ್ರೀಡಾಂಗಣವನ್ನಾಗಿ ಪರಿವರ್ತಿಸಲು ಹೊಸ ಚಾವಣಿ ಹಾಕಬೇಕಾಯಿತು, ಜರುಗಿಸುವ ಆಸನಗಳನ್ನು ಕೂರಿಸಬೇಕಾಯಿತು. ಪರಿವರ್ತನೆಯೊಂದಕ್ಕೇ ಸುಮಾರು 32.3 ಕೋಟಿ ಪೌಂಡ್ ಖರ್ಚಾಯಿತು. 2016ರಿಂದ ಅಲ್ಲಿ ಆಡುತ್ತಿರುವ ವೆಸ್ಟ್ ಹ್ಯಾಮ್ ಕ್ಲಬ್ಬಿನ ಆರಂಭದ ಬಾಡಿಗೆ ವರ್ಷಕ್ಕೆ ಸುಮಾರು 25 ಲಕ್ಷ ಪೌಂಡ್ ಎಂದು ಗೊತ್ತಾದಾಗ ಸಾರ್ವಜನಿಕರು ಕೋಪಗೊಂಡದ್ದು ಸಹಜ. ಕಟ್ಟಿದ ಎಂಜಿನಿಯರುಗಳು ತಮಗೆ ಹೇಳಿದ್ದನ್ನು ಸೊಗಸಾಗಿ ಕಟ್ಟಿದರು. ಏನು ಬೇಕೆಂಬುದನ್ನು ನಿರ್ಧರಿಸಬೇಕಾದವರು ತಡಮಾಡಿದರು.

ಲೆಕ್ಕಕ್ಕೆ ಸಿಗದ ಬೆಲೆಯೊಂದಿದೆ. ಈ ಜಾಗದಲ್ಲಿದ್ದ ಕ್ಲೇಸ್ ಲೇನ್ ಎಂಬ ಸಹಕಾರಿ ವಸತಿಯ ನಾನೂರಕ್ಕೂ ಹೆಚ್ಚು ನಿವಾಸಿಗಳು, ತಲೆಮಾರುಗಳಿಂದ ಮ್ಯಾನರ್ ಗಾರ್ಡನ್ಸ್‌ನಲ್ಲಿ ತರಕಾರಿ ಬೆಳೆಯುತ್ತಿದ್ದ ಕುಟುಂಬಗಳು, ಸಣ್ಣ ಕಾರ್ಖಾನೆಗಳನ್ನು ನಡೆಸುತ್ತಿದ್ದವರು 2007ರ ಹೊತ್ತಿಗೆ ಜಾಗ ಬಿಡಬೇಕಾಯಿತು. ಮಣ್ಣನ್ನು ಅಷ್ಟು ಕಾಳಜಿಯಿಂದ ಮರಳಿ ಅದೇ ನೆಲಕ್ಕೆ ತಂದ ಪ್ರಾಧಿಕಾರವು ಅಲ್ಲಿದ್ದ ಜನರ ವಿಷಯದಲ್ಲಿ ಅಂತಹ ಕಾಳಜಿಯನ್ನು ತೋರಿಸಲಿಲ್ಲ ಎಂಬ ನೋವು ನನಗಿದೆ.

ಕೆಲವು ವರ್ಷಗಳ ನಂತರ ಒಂದು ಭಾನುವಾರ ಮತ್ತೆ ಅಲ್ಲಿಗೆ ಹೋಗಿದ್ದೆ. ಈಜು ಕೇಂದ್ರದ ತಾತ್ಕಾಲಿಕ ರೆಕ್ಕೆಗಳನ್ನು ಬಿಚ್ಚಿ, ಅವು ಇದ್ದ ಜಾಗಕ್ಕೆ ನೆಲದಿಂದ ಚಾವಣಿಯವರೆಗೆ ಗಾಜು ಹಾಕಿದ್ದರಿಂದ ಬೆಳಕು ನೇರವಾಗಿ ನೀರಿನ ಮೇಲೆ ಬೀಳುತ್ತಿತ್ತು. ಆಸನಗಳು ಈಗ 2,500 ಮಾತ್ರ. ಸಾಮಾನ್ಯ ಈಜುಕೊಳದಲ್ಲಿ ತೆರುವಷ್ಟೇ ಶುಲ್ಕ ತೆತ್ತು ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು. ಒಲಿಂಪಿಕ್ ಫೈನಲ್ ನಡೆದ ಅದೇ ಕೊಳದ ಒಂದು ತುದಿಯಲ್ಲಿ ಸುತ್ತಲಿನ ಬಡಾವಣೆಗಳ ಮಕ್ಕಳು ತೇಲುವ ಹಲಗೆ ಹಿಡಿದು ಕಾಲು ಬಡಿಯುವುದನ್ನು ಕಲಿಯುತ್ತಿದ್ದರು, ತಾಯಂದಿರು ಟವೆಲ್ ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಿದ್ದರು.